ನಮ್ಮೂರ ಕೆರೆಗೆ ಅಂತರಗಂಗೆ ಬಂದ ದಾರಿ

ಬೆಳಗಿನ ಐದೂವರೆಗೆ ಸರಿಯಾಗಿ ನನ್ನ ಮೊಬೈಲು ಒಂದು ಸಲ ನಡುಗುತ್ತದೆ. ಅದು ಚಂದ್ರಣ್ಣನ ಶುಭೋದಯ. ಚಂದ್ರಣ್ಣ ನಮ್ಮೂರ ಅಡಿಕೆ ವ್ಯಾಪಾರಿ, ಕೆರೆ ಸಂರಕ್ಷಣಾ ಸಮಿತಿಯ ಕಾರ್ಯದರ್ಶಿ. ನನ್ನಂಥ ನಿವೃತ್ತ ಮೇಷ್ಟ್ರು ಇನ್ನೂ ಇದ್ದಾನೋ ಇಲ್ಲವೋ ಎಂದು ಲೋಕದಲ್ಲಿ ಮೊದಲು ವಿಚಾರಿಸುವವನು ಅವನೇ. ಒಂದು ದಿನ ದೇವರು, ಒಂದು ದಿನ ಹುಟ್ಟುತ್ತಿರುವ ಸೂರ್ಯ, ಇನ್ನೊಂದು ದಿನ ಹಬೆಯಾಡುವ ಕಾಫಿ ಲೋಟ. ಮೊನ್ನೆ ಬಂದದ್ದು ಒಂದು ಹೂವಿನ ಚಿತ್ರ. ತಿಳಿ ನೇರಳೆ ಬಣ್ಣದ ಗೊಂಚಲು, ಮೇಲಿನ ಎಸಳಿನ ನಡುವೆ ನವಿಲುಗರಿಯ ಕಣ್ಣಿನ ಹಾಗೆ ಒಂದು ಹಳದಿ ಬೊಟ್ಟು. ಕೆಳಗೆ ‘ಪ್ರಕೃತಿಯೇ ದೇವರು’ ಎಂದು ಬರೆದಿತ್ತು.

ಅದು ಅಂತರಗಂಗೆಯ ಹೂವು. ಹೋದ ವರ್ಷ ಯಾವ ಗಿಡದ ವಿರುದ್ಧ ಚಂದ್ರಣ್ಣ ನಾಲ್ಕು ಸಭೆ, ಒಂದು ಮೆರವಣಿಗೆ ಮತ್ತು ಒಂದು ಜೆಸಿಬಿ ಏರ್ಪಡಿಸಿದ್ದನೋ ಅದೇ ಗಿಡದ್ದು. ಅಷ್ಟು ಹೋರಾಡಿದ ಮನುಷ್ಯ ಅದರ ಹೂವನ್ನು ಒಂದು ಸಲವೂ ಸರಿಯಾಗಿ ನೋಡಿರಲಿಲ್ಲ. ನಾನು ನೋಡಿದ್ದೆ. ನೋಡಿದ್ದೇ ಎಡವಟ್ಟಾಯಿತು. ಆ ಕಥೆಯನ್ನು ನಿಮಗೆ ಹೇಳಿಬಿಡುತ್ತೇನೆ. ಊರಿಗೆ ಒಂದು ಸಲ ಹೇಳಿದ್ದಾಗಿದೆ, ಊರು ಅದನ್ನು ಏನು ಮಾಡಿತು ಎಂಬುದೂ ಕಥೆಯಲ್ಲೇ ಬರುತ್ತದೆ.

ನಮ್ಮೂರು ನ್ಯಾಮತಿ ತಾಲ್ಲೂಕಿನದು. ನಾನು ಹುಟ್ಟಿದಾಗ ಹೊನ್ನಾಳಿ ತಾಲ್ಲೂಕಿನಲ್ಲಿತ್ತು. ಊರು ಇದ್ದಲ್ಲೇ ಇದೆ, ತಾಲ್ಲೂಕೇ ನಮ್ಮ ಹತ್ತಿರಕ್ಕೆ ಬಂದಿತು. ಊರ ಹೈಸ್ಕೂಲಿನ ಹಿಂದೆ ಒಂದು ಸಣ್ಣ ಹಳ್ಳ. ಮಳೆಗಾಲದಲ್ಲಿ ಅದು ತುಂಬಿ ಹರಿದು ಊರ ಕೆರೆಯನ್ನು ಸೇರುತ್ತದೆ. ಕೆರೆ ಅಷ್ಟೇನೂ ದೊಡ್ಡದಲ್ಲ. ನನ್ನ ಹೆಂಡತಿ ಗಿರಿಜೆಯ ತವರು ಚನ್ನಗಿರಿ ಕಡೆ, ಸೂಳೆಕೆರೆಯ ದಂಡೆಯ ಹಳ್ಳಿ. ಸಮುದ್ರದಂಥ ನೀರಿನ ಮುಂದೆ ಬೆಳೆದವಳು. ಮದುವೆಯಾದ ಹೊಸತರಲ್ಲಿ ನಾನು ಹೆಮ್ಮೆಯಿಂದ ಅವಳನ್ನು ಕರೆದುಕೊಂಡು ಹೋಗಿ ನಮ್ಮ ಕೆರೆ ತೋರಿಸಿದರೆ, ಎರಡು ನಿಮಿಷ ಸುತ್ತ ನೋಡಿ, “ಇದು ಕಟ್ಟೆ ಅಲ್ಲೇನ್ರೀ? ಕೆರೆ ಎಲ್ಲೈತೆ?” ಎಂದಳು. ಅವತ್ತಿನಿಂದ ಈ ಕೆರೆಗೆ ಏನಾದರೊಂದು ಶೋಭೆ ತರಬೇಕೆಂಬ ಹಟ ನನ್ನೊಳಗೆ ಎಲ್ಲೋ ಕೂತಿದ್ದಿರಬೇಕು. ಇದು ನಾನು ಆಮೇಲೆ ಹುಡುಕಿಕೊಂಡ ನೆಪವೂ ಇರಬಹುದು.

ಆಗ ನಾನು ಅದೇ ಹೈಸ್ಕೂಲಿಗೆ ಹೊಸದಾಗಿ ಸೇರಿದ ವಿಜ್ಞಾನದ ಮೇಷ್ಟ್ರು. ಹೊಸ ಮೇಷ್ಟ್ರಿಗೆ ಬರುವ ಎಲ್ಲ ಕಾಯಿಲೆಗಳೂ ನನಗಿದ್ದವು. ಕಪ್ಪೆ ಸಿಕ್ಕರೆ ಬಾಟಲಿಗೆ, ಎಲೆ ಸಿಕ್ಕರೆ ಪುಸ್ತಕದೊಳಕ್ಕೆ. ಹೀಗಿರುವಾಗ ಹೊನ್ನಾಳಿಯಿಂದಾಚೆ ಒಂದು ನೆಂಟರ ಮದುವೆಗೆ ಗಂಡ ಹೆಂಡತಿ ಹೋದೆವು. ಊಟ ಮುಗಿಸಿ ಮನೆಯ ಹಿಂದಿನ ಹೊಂಡದ ಕಡೆ ಹೋದರೆ ಅಲ್ಲಿ ಈ ಹೂವು. ನೀರಿನ ತುಂಬ ಹಸಿರು ಎಲೆ, ಎಲೆಯ ತೊಟ್ಟು ಬಲೂನಿನ ಹಾಗೆ ಊದಿಕೊಂಡಿದೆ. ಹಿಚುಕಿದರೆ ಟಪ್ ಎನ್ನುತ್ತದೆ. ‘ಜಲಸಸ್ಯಗಳು ತೇಲಲು ಕಾರಣವೇನು?’ ಎಂಬ ಪಾಠವೇ ಕಣ್ಣ ಮುಂದೆ ಬಂದು ನಿಂತ ಹಾಗಾಯಿತು.

ತರುವುದು ಹೇಗೆ? ಗಿರಿಜೆಯ ಹತ್ತಿರ ಅವಳ ತವರಿನ ಸ್ಟೀಲಿನ ಕ್ಯಾರಿಯರ್ ಇತ್ತು. ಮದುವೆಗೆ ಬರಲಾಗದ ನನ್ನ ತಾಯಿಗೆಂದು ನೆಂಟರು ಅದರ ಮೂರು ಡಬ್ಬಿಗಳಲ್ಲಿ ಚಿತ್ರಾನ್ನ, ಪಲ್ಯ, ಬೂಂದಿ ತುಂಬಿ ಕೊಟ್ಟಿದ್ದರು. ಗಿರಿಜೆ ಒಳಗೆ ಹೆಂಗಸರಿಂದ ಕುಂಕುಮ ಇಡಿಸಿಕೊಳ್ಳುತ್ತಿದ್ದಾಗ ನಾನು ಬೂಂದಿಯನ್ನು ಹೊಂಡದ ಹತ್ತಿರ ಆಡುತ್ತಿದ್ದ ಮಕ್ಕಳಿಗೆ ಹಂಚಿ, ಆ ಡಬ್ಬಿಯಲ್ಲಿ ಎರಡು ಗಿಡಗಳನ್ನು ಬೇರು ಮಡಚಿ ಕೂರಿಸಿ, ಒಂದಿಷ್ಟು ನೀರು ಹಾಕಿ ಮುಚ್ಚಿದೆ. ಮನೆಗೆ ಬಂದ ಮೇಲೆ ನನ್ನ ತಾಯಿ ಆಸೆಯಿಂದ ಮೊದಲು ತೆಗೆದದ್ದು ಅದೇ ಡಬ್ಬಿ. ಬಹಳ ಹೊತ್ತು ನೋಡಿ, “ಹೊನ್ನಾಳಿ ಕಡೆ ಸಿಹಿ ಹಿಂಗಿರ್ತತೇನಪ್ಪಾ?” ಎಂದರು. ಗಿರಿಜೆ ಒಂದು ವಾರ ನನ್ನ ಹತ್ತಿರ ಮಾತಾಡಲಿಲ್ಲ. ಆ ಡಬ್ಬಿಯ ಕೆಸರು ವಾಸನೆ ಹುಣಸೆಹಣ್ಣು ಹಾಕಿ ತಿಕ್ಕಿದರೂ ಹೋಗಲಿಲ್ಲ.

ಗಿಡಗಳು ಅದೇ ಕ್ಯಾರಿಯರಿನಲ್ಲಿ ಶಾಲೆಗೆ ಹೋಗಿ ನಲ್ಲಿ ಪಕ್ಕದ ಸಿಮೆಂಟ್ ತೊಟ್ಟಿ ಸೇರಿದವು. ಹೂ ಬಿಟ್ಟವು. ತಪಾಸಣೆಗೆ ಬಂದ ಸಾಹೇಬರು ತೊಟ್ಟಿಯ ಮುಂದೆ ನಿಂತು ತಲೆದೂಗಿ, ‘ವಿಜ್ಞಾನ ಶಿಕ್ಷಕರು ಪರಿಸರ ಪ್ರೇಮಿಗಳು’ ಎಂದು ವಹಿಯಲ್ಲಿ ಬರೆದು ಹೋದರು. ನಾನು ಆ ಸಾಲನ್ನು ಎಷ್ಟು ಸಲ ಓದಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಅಷ್ಟರಲ್ಲಿ ಎರಡು ಗಿಡ ಇಪ್ಪತ್ತಾಗಿತ್ತು. ಬೇಸಿಗೆ ರಜೆಗೆ ಮುಂಚೆ ಜವಾನ ಹಾಲಪ್ಪ ಬಂದು, “ಸಾ, ತೊಟ್ಟಿಯೊಳಗೆ ನೀರೇ ಕಾಣ್ತಿಲ್ಲ. ಬಿಂದಿಗೆ ಅದ್ದಾಕೆ ಜಾಗ ಇಲ್ಲ. ಏನ್ ಮಾಡ್ಲಿ?” ಎಂದ. ನಾನು ಉತ್ತರಪತ್ರಿಕೆ ತಿದ್ದುತ್ತಿದ್ದೆ. ತಲೆ ಎತ್ತದೆ, “ಹಿಂದಕ್ಕೆ ಹಳ್ಳದ ಕಡೆ ಎಸೆದುಬಿಡೋ. ಒಣಗಿ ಹೋಗ್ತದೆ” ಎಂದೆ.

ಆ ವರ್ಷವೇ ನನಗೆ ಜಗಳೂರು ಕಡೆಗೆ ವರ್ಗವಾಯಿತು. ಅಲ್ಲಿ ಗಿಡ ತೇಲುವುದಿರಲಿ, ಕೆರೆಗೇ ನೀರಿನ ನೆನಪು ಇರಲಿಲ್ಲ. ನನ್ನಂಥವನನ್ನು ಇಡಲು ತಕ್ಕ ಜಾಗವನ್ನೇ ಇಲಾಖೆ ಆರಿಸಿತ್ತು. ಊರಿಂದೂರಿಗೆ ತಿರುಗಿ, ನಿವೃತ್ತನಾಗಿ, ನಾಲ್ಕು ವರ್ಷದ ಹಿಂದೆ ಊರಿಗೆ ಮರಳಿದೆವು. ಮರುದಿನ ಬೆಳಿಗ್ಗೆ ಏರಿಯ ಮೇಲೆ ವಾಕಿಂಗ್ ಹೋದೆ. ಕೆರೆ ಇರಲಿಲ್ಲ. ಕೆರೆಯಿದ್ದ ಜಾಗದಲ್ಲಿ ಒಂದು ದೊಡ್ಡ ಹುಲ್ಲುಗಾವಲು, ಅದರ ಮೇಲೆ ನೇರಳೆ ಹೂವು. ಬೆಳ್ಳಕ್ಕಿಯೊಂದು ನೀರಿನ ಮೇಲೆ ರಸ್ತೆಯ ಮೇಲೆ ನಡೆಯುವ ಹಾಗೆ ನಡೆದು ಹೋಗುತ್ತಿತ್ತು. ನೋಡಿದ ಕೂಡಲೇ ಗುರುತು ಹಿಡಿದೆ. ಯಾರಿಗೂ ಏನೂ ಹೇಳದೆ ಮನೆಗೆ ಬಂದು ಟೀ ಕುಡಿದೆ.

ಸಮಿತಿ ಹುಟ್ಟಿದ್ದು ಆಮೇಲೆ. ನಾನು ವಿಜ್ಞಾನ ಓದಿದವನೆಂದು ನನ್ನನ್ನೇ ಅಧ್ಯಕ್ಷನನ್ನಾಗಿ ಮಾಡಿದರು. ಬೇಡವೆಂದೆ. ಎಷ್ಟು ಬೇಡವೆಂದೆನೋ ಅಷ್ಟು ನನ್ನ ವಿನಯ ಹೊಗಳಿದರು. ಮೊದಲ ಸಭೆಯಲ್ಲಿ ಈ ಗಿಡದ ಮೂಲ ದಕ್ಷಿಣ ಅಮೆರಿಕ ಎಂದು ವಿವರಿಸಿದೆ. “ಅಲ್ಲಿಂದ ಇಲ್ಲಿಗೆ ಹೆಂಗ್ ಬಂತು ಮೇಷ್ಟ್ರೇ?” ಎಂದು ಯಾರೋ ಕೇಳಿದರು. ಅಮೆರಿಕದಿಂದ ಹೊನ್ನಾಳಿಯವರೆಗಿನ ದಾರಿ ನನಗೆ ನಿಜಕ್ಕೂ ಗೊತ್ತಿರಲಿಲ್ಲ. ಹೊನ್ನಾಳಿಯಿಂದ ಈಚೆಗಿನದು ಮಾತ್ರ ಗೊತ್ತಿತ್ತು. “ಅದೇ ಸಂಶೋಧನೆ ಆಗಬೇಕು” ಎಂದು ಕೂತೆ. ಒಬ್ಬರು ವಿದೇಶಿ ಹಕ್ಕಿಗಳ ಕಾಲಿನ ಮೇಲೆ ಹಾಕಿದರು, ಇನ್ನೊಬ್ಬರು ಪಕ್ಕದೂರಿನವರ ಹೊಟ್ಟೆಕಿಚ್ಚಿನ ಮೇಲೆ.

ಕೆರೆ ಸ್ವಚ್ಛತಾ ದಿನವನ್ನೂ ಆಚರಿಸಿದೆವು. ಏರಿಯ ಮೇಲೆ ಶಾಮಿಯಾನ, ಅದರ ಹಿಂದೆ ದೊಡ್ಡ ಫ್ಲೆಕ್ಸು. ಫ್ಲೆಕ್ಸಿನಲ್ಲಿ ಹಿಮದ ಬೆಟ್ಟ, ನೀಲಿ ಸರೋವರ, ಎರಡು ಹಂಸ. ನಮ್ಮ ಕೆರೆ ಪೂರ್ತಿ ಫ್ಲೆಕ್ಸಿನ ಹಿಂದೆ ಮರೆಯಾಗಿತ್ತು. ಪ್ರತಿಜ್ಞೆಯ ಬರಹ ನನ್ನದೇ. ‘ಕೆರೆಗೆ ಹಾನಿ ಮಾಡಿದವರನ್ನು ನಿರ್ಭಯವಾಗಿ ಬಯಲಿಗೆಳೆಯುತ್ತೇನೆ’ ಎಂದು ಬಲಗೈ ಮುಂದೆ ಚಾಚಿ ಎಲ್ಲರಿಗಿಂತ ಗಟ್ಟಿಯಾಗಿ ಹೇಳಿದವನೂ ನಾನೇ. ಚಂದ್ರಣ್ಣನ ಅಡಿಕೆ ಬೇಯಿಸುವ ಕೊಟ್ಟಿಗೆಯ ಕೆಂಪು ನೀರು ಏರಿಯ ಆ ತುದಿಯಲ್ಲಿ ಕೆರೆಗೆ ಇಳಿಯುತ್ತಿತ್ತು. ಆದರೆ ಅವತ್ತಿನ ಕಾರ್ಯಕ್ರಮ ಹಸಿರಿನ ವಿರುದ್ಧ ಮಾತ್ರ ಇದ್ದುದರಿಂದ ಕೆಂಪಿನ ಮಾತು ಬರಲಿಲ್ಲ. ಐದು ಗಣ್ಯರು ಸೇರಿ ಒಂದು ಗಿಡ ಎಳೆದರು. ಫೋಟೋ ಸರಿಯಾಗಿ ಬರಲಿಲ್ಲವೆಂದು ಗಿಡವನ್ನು ಮತ್ತೆ ನೀರಿಗೆ ಬಿಟ್ಟು ಇನ್ನೊಮ್ಮೆ ಎಳೆದರು. ಜೆಸಿಬಿ ಒಂದು ಮೂಲೆ ಬಗೆದು ದಂಡೆಗೆ ಹಾಕಿತು. ಮೊದಲ ಮಳೆಗೆ ಅದೆಲ್ಲ ಜಾರಿ ಮತ್ತೆ ಕೆರೆಗೇ ಹೋಯಿತು, ಜತೆಗೆ ಕುಡಿದು ಬಿಸಾಕಿದ ನೀರಿನ ಬಾಟಲಿಗಳೂ.

ಇದೆಲ್ಲ ನಡೆಯುವಾಗ ಕೆರೆಯಲ್ಲಿ ನಿಜವಾಗಿ ಗಿಡ ಕೀಳುತ್ತಿದ್ದವನು ಒಬ್ಬನೇ, ಮಾಬುಸಾಬ್. ಕೆರೆಯ ಮೀನು ಹಿಡಿಯುವ ಗುತ್ತಿಗೆ ಅವನದು. ಅವನ ತಂದೆಯೂ ಅದೇ ಕೆಲಸ ಮಾಡಿದವರು. ಗಿಡ ಮುಚ್ಚಿಕೊಂಡ ಮೇಲೆ ಬಲೆ ಬೀಸಲು ಜಾಗವಿಲ್ಲ, ಗಾಳಿ ಬೆಳಕಿಲ್ಲದೆ ಮೀನು ಸಾಯುತ್ತಿವೆ. ದಿನಾ ಬೆಳಿಗ್ಗೆ ತೆಪ್ಪ ಹಾಕಿಕೊಂಡು ಹೋಗಿ ಕೈಲಾದಷ್ಟು ಕಿತ್ತು ಹೇರಿಕೊಂಡು ಬಂದು ಮೇಲೆ ಹಾಕುತ್ತಿದ್ದ. ಊರು ಇದನ್ನು ಗಮನಿಸಿತು. ಒಂದು ದಿನ ಚಂದ್ರಣ್ಣ ನಮ್ಮ ಜಗುಲಿಯ ಮೇಲೆ ಕೂತು, “ಮೇಷ್ಟ್ರೇ, ಆ ಮಾಬುಸಾಬ ಒಬ್ನೇ ಯಾಕೆ ದಿನಾ ಕೀಳ್ತಾನೆ? ಯೋಚ್ನೆ ಮಾಡ್ರಿ. ಏನೋ ತಪ್ಪು ಮಾಡಿದಾನೆ. ಮೀನಿನ ಮರಿ ತರಾಕೆ ಹೋದಾಗ ಅದ್ರ ಜತೆಗೆ ತಂದು ಬಿಟ್ಟಾನೆ” ಎಂದ.

“ಪಾಪ, ಅವನ ಹೊಟ್ಟೆಪಾಡಿಗೆ ಕೀಳ್ತಾನೆ ಕಣಯ್ಯ.”

“ನಿಮ್ದು ಬಾಳ ಮೆದು ಮನ್ಸು,” ಎಂದು ಚಂದ್ರಣ್ಣ ಎದ್ದ.

ಹದಿನೈದು ದಿನದಲ್ಲಿ ಅದು ಊರಿನ ಮಾತಾಯಿತು. ಇದೇ ಹೊತ್ತಿಗೆ, ಏಳು ತಲೆಮಾರಿನಿಂದ ಮೀನು ಮುಟ್ಟದ ಚಂದ್ರಣ್ಣನ ಬಳಗದಲ್ಲಿ ಅವನ ಭಾಮೈದನಿಗೆ ಮೀನು ಸಾಕಣೆಯ ಬಗ್ಗೆ ಇದ್ದಕ್ಕಿದ್ದಂತೆ ಆಸಕ್ತಿ ಮೂಡಿತ್ತು. ನಾಲ್ಕನೆಯ ಸಭೆಗೆ ಮುಂಚೆ ಒಂದು ಅರ್ಜಿ ನ್ಯಾಮತಿಯಲ್ಲಿ ಟೈಪಾಗಿ ನನ್ನ ಮನೆಗೆ ಬಂತು. ಕೆರೆಗೆ ಅಂತರಗಂಗೆ ತಂದುಬಿಟ್ಟ ಮಾಬುಸಾಬನ ಗುತ್ತಿಗೆಯನ್ನು ರದ್ದುಪಡಿಸಬೇಕು ಎಂಬುದು ಅದರ ಸಾರ. ಕೆಳಗೆ ‘ಅಧ್ಯಕ್ಷರು’ ಎಂದಿತ್ತು, ಅದರ ಮೇಲೆ ಖಾಲಿ ಜಾಗ.

ನಾನು ಧೈರ್ಯವಂತನಲ್ಲ. ಆ ಅರ್ಜಿಯನ್ನು ಪಂಚಾಂಗದ ಕೆಳಗಿಟ್ಟು ನೇರ ಹಾಲಪ್ಪನ ಮನೆಗೆ ಹೋದೆ. ನಿಜ ಗೊತ್ತಿರುವವನು ಅವನೊಬ್ಬನೇ ಎಂದುಕೊಂಡಿದ್ದೆ. ಅವನಿಗೆ ಈಗ ಎಪ್ಪತ್ತೈದರ ಮೇಲಾಗಿದೆ. ಮರೆತಿರಲಿ ಎಂಬ ಆಸೆಯಿಂದ, ಅದೂ ಇದೂ ಮಾತಾಡಿ, ಕೊನೆಗೆ, “ಹಾಲಪ್ಪ, ನಮ್ಮ ಶಾಲೆಯಲ್ಲಿ ಒಂದು ಸಿಮೆಂಟ್ ತೊಟ್ಟಿ ಇತ್ತಲ್ಲ, ನೆನಪಿದೆಯೋ?” ಎಂದೆ.

ಹಾಲಪ್ಪ ಎಲೆ ಅಡಿಕೆ ಜಗಿಯುವುದನ್ನು ನಿಲ್ಲಿಸಲೂ ಇಲ್ಲ. “ಯಾಕಿಲ್ಲ ಸಾ. ನೀವು ಕ್ಯಾರಿಯರ್‌ನಾಗೆ ಗಿಡ ತಂದ್ರಿ. ಮ್ಯಾಲಿನ ಡಬ್ಬಿ. ಆಮೇಲೆ ನಾನು ಹಳ್ಳಕ್ಕೆ ಎಸೆದೆ. ಒಣಗಿ ಹೋಗ್ತತೆ ಅಂತ ನೀವೇ ಹೇಳಿದ್ರಿ. ಮೂವತ್ತು ವರ್ಷದ ಮ್ಯಾಲಾತು. ನಾನೂ ನೋಡ್ತಾನೇ ಇದೀನಿ, ಇನ್ನೂ ಒಣಗಿಲ್ಲ.”

ಮನೆಗೆ ಬಂದು ಗಿರಿಜೆಗೆ ಹೇಳಿದೆ. ಬಹಳ ಪೀಠಿಕೆ ಹಾಕಿ, ನೀರು ಕುಡಿದು ಹೇಳಿದೆ. ಅವಳು ಅವರೆಕಾಯಿ ಸುಲಿಯುತ್ತಿದ್ದಳು. “ಅದು ಇವತ್ತು ಗೊತ್ತಾತಾ ನಿಮಗೆ? ಊರಿಗೆ ಬಂದ ದಿನಾನೇ ನಾನು ನೋಡಿದೆ. ನಮ್ಮಪ್ಪ ಕೊಡ್ಸಿದ ಕ್ಯಾರಿಯರ್ ಹಾಳು ಮಾಡಿದ ಗಿಡ, ನಾನು ಮರೀತೀನಾ?”

“ಮತ್ತೆ ಯಾಕೆ ಹೇಳಲಿಲ್ಲ?”

“ನೀವು ಅಧ್ಯಕ್ಷರು. ನಿಮಗೆ ಹೇಳಾಕೆ ನಾನ್ಯಾರು.” ಒಂದೆರಡು ಕಾಯಿ ಸುಲಿದು ಮುಂದುವರಿಸಿದಳು. “ಆ ಮಾಬು ಹೆಂಡ್ತಿ ಮೊನ್ನೆ ಗಿರಣಿ ಹತ್ರ ಸಿಕ್ಕಿದ್ಲು. ಅವರಿಗೆ ಬ್ಯಾರೆ ಕಸುಬು ಗೊತ್ತಿಲ್ಲ. ನೀವು ರುಜು ಹಾಕಿದ್ರೆ ನಾನಂತೂ ಆ ಗಿರಣಿಗೆ ಇನ್ನು ಹೋಗಲ್ಲ, ಹಿಟ್ಟು ನೀವೇ ಮಾಡಿಸ್ಕೊಂಡು ಬರ್ರಿ.”

ಸಭೆ ಭಾನುವಾರ ಬೆಳಿಗ್ಗೆ ಶಾಲೆಯ ಸಭಾಂಗಣದಲ್ಲಿ. ಮೂವತ್ತು ನಲವತ್ತು ಜನ ಇದ್ದರು. ಮಾಬುಸಾಬ್ ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ ಕೂತಿದ್ದ. ಹಾಲಪ್ಪನೂ ಬಂದು ಗೋಡೆಗೊರಗಿ ಕೂತಿದ್ದ. ನಾನು ಎದ್ದು ನಿಂತೆ. “ಈ ಗಿಡ ತಂದವನು ಮಾಬು ಅಲ್ಲ. ನಾನು,” ಎಂದೆ. ಹೊಂಡ, ಬೂಂದಿ, ಡಬ್ಬಿ, ತೊಟ್ಟಿ, ಹಳ್ಳ, ಎಲ್ಲವನ್ನೂ ಒಂದೂ ಬಿಡದೆ ಹೇಳಿದೆ.

ಚಂದ್ರಣ್ಣ ನಿಧಾನವಾಗಿ ಎದ್ದು ಕೈಮುಗಿದ. ಅವನ ಕಣ್ಣಲ್ಲಿ ನೀರಿತ್ತು. “ನೋಡ್ರಪ್ಪ, ದೊಡ್ಡ ಮನ್ಸು ಅಂದ್ರೆ ಇದು. ಒಬ್ಬ ಬಡವನನ್ನ ಉಳಿಸಾಕೆ ಮೇಷ್ಟ್ರು ತಪ್ಪು ತಮ್ಮ ಮ್ಯಾಲೆ ಹಾಕ್ಕೊಂಡ್ರು. ಇಂಥ ಗುರುಗಳು ಎಲ್ಲಿ ಸಿಕ್ತಾರೆ?” ಸಭೆ ಚಪ್ಪಾಳೆ ತಟ್ಟಿತು.

“ದೊಡ್ಡ ಮನಸ್ಸಲ್ಲಪ್ಪ, ನಡೆದದ್ದು ಹೇಳ್ತಿದ್ದೀನಿ,” ಎಂದೆ. ಚಪ್ಪಾಳೆ ಜೋರಾಯಿತು. ಕೊನೆಗೆ ಹಾಲಪ್ಪನ ಕಡೆ ಕೈ ತೋರಿಸಿ, “ಅವನನ್ನು ಕೇಳಿ. ಅವನೇ ಎಸೆದದ್ದು” ಎಂದೆ.

ಹಾಲಪ್ಪ ಗೋಡೆ ಹಿಡಿದು ಎದ್ದ. ನನ್ನ ಮುಖ ನೋಡಿದ, ಸಭೆಯ ಮುಖ ನೋಡಿದ. “ನಂಗೇನೂ ನೆನಪಿಲ್ರಪ್ಪ. ವಯಸ್ಸಾತು,” ಎಂದು ಕೂತ. ಕೂರುವಾಗ ನನ್ನ ಕಡೆ, ನಿಮ್ಮನ್ನು ಉಳಿಸಿದೆ ಎನ್ನುವ ಹಾಗೆ ಸಣ್ಣಗೆ ತಲೆ ಆಡಿಸಿದ. ನಾನು ಕಂಡ ಹಾಗೆ ಅವನು ನನ್ನ ಮಾತು ಮೀರಿದ್ದು ಅದೊಂದೇ ಸಲ.

ಅರ್ಜಿ ಮೇಜಿನ ಮೇಲಿತ್ತು. ಚಂದ್ರಣ್ಣ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಂದಿಟ್ಟು, “ಭಾವನೆ ಬ್ಯಾರೆ, ಕೆರೆ ಕೆಲ್ಸ ಬ್ಯಾರೆ ಮೇಷ್ಟ್ರೇ” ಎಂದ. ಅಷ್ಟರಲ್ಲಿ ಬಾಗಿಲ ಹತ್ತಿರದಿಂದ ಮಾಬುಸಾಬ್ ಎದ್ದು ನಿಂತ.

“ಮೇಷ್ಟ್ರು ಹೇಳಿದ್ದು ನಿಜ ಐತ್ರಿ,” ಎಂದ. “ನಾನು ಆವಾಗ ಎಂಟನೇ ಕ್ಲಾಸು. ಆ ತೊಟ್ಟಿ ಸುತ್ತ ನಮ್ಮನ್ನ ಕೂರಿಸಿ ಗಿಡದ ಚಿತ್ರ ಬರೆಸಿದ್ರು. ನಂಗೆ ಹತ್ತಕ್ಕೆ ಏಳು ಕೊಟ್ರು. ಬೇರು ಗಿಡ್ಡ ಬರ್ದಿದೀಯ ಅಂತ ಮೂರು ಕಳೆದ್ರು. ಬೇರು ಎಷ್ಟುದ್ದ ಇರ್ತತೆ ಅಂತ ಈಗ ಚೆನ್ನಾಗಿ ಗೊತ್ತಾಗೈತೆ.”

ಹಿಂದಿನ ಸಾಲಿನಲ್ಲಿ ಇನ್ನೊಬ್ಬ, “ಹೌದಲ್ವೋ, ನಂಗೆ ಐದೇ ಕೊಟ್ಟಿದ್ರು” ಎಂದ. ನನ್ನ ಮಾರ್ಕ್ಸಿನ ಜಿಪುಣತನ ಊರಿಗೆಲ್ಲ ಗೊತ್ತಿದ್ದ ವಿಷಯ. ಅದನ್ನು ಯಾರೂ ಕಟ್ಟಿ ಹೇಳಲು ಸಾಧ್ಯವಿರಲಿಲ್ಲ. ಒಬ್ಬೊಬ್ಬರೇ ನನ್ನನ್ನು ಹೊಸದಾಗಿ ನೋಡತೊಡಗಿದರು. ಆ ನೋಟದಲ್ಲಿ ಸಿಟ್ಟಿಗಿಂತ ಬೇಸರವೇ ಹೆಚ್ಚಿತ್ತು. ಒಳ್ಳೆಯ ಅಪರಾಧಿಯೊಬ್ಬ ಕೈತಪ್ಪಿ ಹೋದ ಬೇಸರ.

ಚಂದ್ರಣ್ಣ ಪೆನ್ನಿಗೆ ಮುಚ್ಚಳ ಹಾಕಿದ. ಅರ್ಜಿಯಲ್ಲಿ ಮಾಬುವಿನ ಹೆಸರು ತೆಗೆದು ನನ್ನದು ಹಾಕಿ ಎಂದೆ. ಅವನಿಗೆ ಗಾಬರಿಯಾಯಿತು. “ಅಧ್ಯಕ್ಷರ ಹೆಸ್ರು ಬರೆದ್ರೆ ಸಮಿತಿ ಮರ್ಯಾದೆ ಏನ್ ಉಳಿತೈತೆ? ನಿಮಗೆ ಪರಿಸರ ಪ್ರೇಮಿ ಅಂತ ಸನ್ಮಾನ ಇಟ್ಟೀವಿ, ಶಾಲೂ ತಂದಾಗೈತೆ.” ಅರ್ಧ ಗಂಟೆ ಚರ್ಚೆಯಾಗಿ, ಕೆರೆಯಲ್ಲಿ ಅಂತರಗಂಗೆಯು ನೈಸರ್ಗಿಕ ಕಾರಣಗಳಿಂದ ಬೆಳೆದಿದೆ ಎಂದು ಠರಾವು ಬರೆದರು. ಮನುಷ್ಯನೂ ನಿಸರ್ಗದ ಒಂದು ಭಾಗ ಎಂದುಕೊಂಡರೆ ಅದರಲ್ಲಿ ಸುಳ್ಳೇನೂ ಇಲ್ಲ. ಮಾಬುವಿನ ಗುತ್ತಿಗೆ ಉಳಿಯಿತು. ನಾನು ಅಧ್ಯಕ್ಷಗಿರಿಗೆ ರಾಜೀನಾಮೆ ಕೊಟ್ಟೆ. ಅದನ್ನು ಇವತ್ತಿನವರೆಗೂ ಯಾರೂ ಸ್ವೀಕರಿಸಿಲ್ಲ.

ಮಾರನೆಯ ಬೆಳಿಗ್ಗೆ ಹಳೆಯ ಪ್ಯಾಂಟು ಹಾಕಿಕೊಂಡು ಕೆರೆಗೆ ಹೋದೆ. ಮಾಬು ತೆಪ್ಪ ಬಿಚ್ಚುತ್ತಿದ್ದ. ನನ್ನನ್ನು ನೋಡಿ ಏನೂ ಕೇಳದೆ ತೆಪ್ಪವನ್ನು ದಂಡೆಗೆ ಒತ್ತಿ ಹಿಡಿದ. ಹತ್ತಿ ಕೂತೆ. ಹುಟ್ಟು ಹಾಕಿದರೆ ಹಸಿರು ಒಂದಿಷ್ಟು ಬಿರಿದು, ನಾವು ದಾಟಿದ ಮೇಲೆ ಮತ್ತೆ ಕೂಡಿಕೊಳ್ಳುತ್ತಿತ್ತು. ನಡುವೆ ನಿಲ್ಲಿಸಿ ಕೀಳತೊಡಗಿದೆವು. ಒಂದು ಗಿಡ ಎಳೆದರೆ ಹತ್ತು ಗಿಡ ಜತೆಗೆ ಬರುತ್ತವೆ, ಬೇರೆಲ್ಲ ಒಂದಕ್ಕೊಂದು ಹೆಣೆದಿವೆ. ಇದು ನನಗೆ ಯಾವ ಪುಸ್ತಕದಲ್ಲೂ ಸಿಕ್ಕಿರಲಿಲ್ಲ. ಹತ್ತು ನಿಮಿಷಕ್ಕೆ ಬೆನ್ನು ಹಿಡಿದುಕೊಂಡಿತು.

“ಮಾಬು, ನಿನಗೆ ಮೊದಲಿಂದ ಗೊತ್ತಿತ್ತಲ್ಲ,” ಎಂದೆ. “ಊರೆಲ್ಲ ನಿನ್ನನ್ನು ಬೈಯುವಾಗ ಯಾಕೋ ಹೇಳಲಿಲ್ಲ?”

ಅವನು ಕೈಯಲ್ಲಿದ್ದ ಗಿಡದ ನೀರು ಜಾಡಿಸಿ ತೆಪ್ಪದೊಳಗೆ ಹಾಕಿದ. “ಯಾರ ಹತ್ರ ಹೇಳ್ಲಿ ಸಾ? ನಾನು ಹೇಳಿದ್ರೆ, ತನ್ನ ತಪ್ಪು ಮುಚ್ಚಾಕೆ ಮೇಷ್ಟ್ರ ಮ್ಯಾಲೆ ಹಾಕ್ತಾನೆ ಅಂತಿದ್ರು. ನೀವು ಹೇಳಿದ್ರಿ, ದೊಡ್ಡ ಮನ್ಸು ಅಂದ್ರು. ಮಾತು ಒಂದೇ ಅಲ್ವ ಸಾ. ಬಾಯಿ ಬ್ಯಾರೆ.”

ಅವನ ದನಿಯಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. ತಲೆ ತಗ್ಗಿಸಿ ಕೀಳುತ್ತಾ ಹೋದೆ. ಬಿಸಿಲೇರುವ ಹೊತ್ತಿಗೆ ನಮ್ಮ ಪಡಸಾಲೆಯಷ್ಟು ಜಾಗದಲ್ಲಿ ನೀರು ಕಾಣಿಸಿತು. ಬಗ್ಗಿ ನೋಡುತ್ತಾ ಕೂತಿದ್ದೆ.

“ಸಾ,” ಎಂದ ಮಾಬು. “ಭಾರ ಎಲ್ಲ ಒಂದೇ ಕಡೆ ಹಾಕಿ ಕೂತಿದೀರಿ. ತೆಪ್ಪ ವಾಲ್ತತೆ. ಸ್ವಲ್ಪ ಈ ಕಡೆ ಸರೀರಿ.”

ನಾನು ಸರಿದು ಕೂತೆ.